ರಂಗೋಲಿಯ ಹಡಗು

ಬಿಸಿಲಿಗೆ ಹಾಕಿ ತೆಗೆದ ಕೌದಿಗೆ ಒಂದು ವಾಸನೆ ಇರುತ್ತದೆ. ಹಳೆಯ ಸೀರೆಗಳದ್ದು, ಟ್ರಂಕಿನಲ್ಲಿ ನಡುನಡುವೆ ಇಟ್ಟ ಬೇವಿನ ಎಲೆಯದ್ದು, ಒಂದಿಷ್ಟು ಒಲೆಯ ಹೊಗೆಯದ್ದು. ಪ್ರಮಿಳಾ ಚಿಕ್ಕವಳಿದ್ದಾಗ ತವರಿನ ಪಡಸಾಲೆಯಲ್ಲಿ ಒಂದೇ ಸಾಲಿನಲ್ಲಿ ಹನ್ನೊಂದು ಮಂದಿ ಮಲಗುತ್ತಿದ್ದರು. ಆ ವಾಸನೆಯಲ್ಲಿ ಮೂಗು ಹುದುಗಿಸಿ, ಆಚೀಚೆಯವರ ಉಸಿರಾಟ ಕೇಳುತ್ತ ಅವಳು ನಿದ್ದೆಹೋಗುತ್ತಿದ್ದಳು. ಆ ಭಾನುವಾರ ಮಧ್ಯಾಹ್ನ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಖಾನಾಪುರದಲ್ಲಿ ನಾದಿನಿ ಗೌರವ್ವನ ಅಂಗಳಕ್ಕೆ ಕಾಲಿಟ್ಟಾಗ ಅದೇ ವಾಸನೆ ಎದುರುಗೊಂಡಿತು. ಹಗ್ಗದ ತುಂಬ ಕೌದಿಗಳು.

"ಏನ ಗೌರವ್ವ, ಹಡಗಿಗೂ ಕೌದಿ ಹೊತಗೊಂಡ ಬರಾಕಿ ಏನ?"

"ಇಲ್ಲರಿ ವೈನಿ, ಇವತ್ತ ಹಡಗಾ ನಮ್ಮ ಮನಿಗೆ ಬರೂದೈತಿ. ಬರ್ರಿ, ಕುಂದರ್ರಿ."

ಡಿಸೆಂಬರಿನಲ್ಲಿ ಎರಡೂ ಮನೆಯವರು ಕೂಡಿ ಮುಂಬೈಯಿಂದ ಐದು ದಿನದ ಹಡಗಿನ ಪ್ರವಾಸಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಬೆಳಗಾವಿಯ ಟಿಳಕವಾಡಿಯಿಂದ ಪ್ರಮಿಳಾ, ಅವಳ ಮಗ ಶಿವಲಿಂಗ, ಸೊಸೆ ಅನುರಾಧಾ, ಮೊಮ್ಮಕ್ಕಳು ಸಮೃದ್ಧಿ ಮತ್ತು ಸುಮಿತ. ಖಾನಾಪುರದಿಂದ ಗೌರವ್ವ, ಅವಳ ಮಗ ಗಜಾನನ, ಅವನ ಹೆಂಡತಿ, ಮಗ. ಒಟ್ಟು ಒಂಬತ್ತು ಜನ. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆಂದು ಇವತ್ತು ಸಂಜೆ ಆರರೊಳಗೆ ಏಜೆಂಟನಿಗೆ ತಿಳಿಸಬೇಕಿತ್ತು.

ಎರಡು ಕೋಣೆಗಳಲ್ಲಿ ನಾಲ್ಕು ನಾಲ್ಕು ಹಾಸಿಗೆ: ಎರಡು ಕೆಳಗೆ, ಇನ್ನೆರಡು ಗೋಡೆಯಿಂದ ಬಿಚ್ಚಿಕೊಳ್ಳುವಂಥವು, ಏಣಿ ಹತ್ತಿ ಮಲಗಬೇಕು. ಮೂರನೆಯದು ಚಿಕ್ಕದು. ಎರಡೇ ಹಾಸಿಗೆ, ಆದರೆ ಸಮುದ್ರದ ಕಡೆಗೆ ಸ್ವಂತದ ಬಾಲ್ಕನಿ.

"ಬಾಲ್ಕನಿ ಖೋಲಿ ಅವ್ವಗ," ಎಂದು ಶಿವಲಿಂಗ ವಾರದ ಹಿಂದೆಯೇ ಹೇಳಿದ್ದ. "ಒಬ್ಬಾಕಿನ ಆರಾಮ ಓದಕೋತ ಇರತಾಳ. ಯಾರದೂ ಗದ್ಲ ಇಲ್ಲ."

ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ 'ಗದ್ದಲ ಮಾಡಬೇಡಿ' ಎಂದವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ಪ್ರಮಿಳಾ ನಕ್ಕು ಸುಮ್ಮನಾಗಿದ್ದಳು. ಮೂರು ವರ್ಷದ ಹಿಂದೆ ಗಂಡ ಬಾಳಾಸಾಹೇಬರು ತೀರಿಕೊಂಡಂದಿನಿಂದ ಕೋಣೆಯಲ್ಲಿ ಇನ್ನೊಂದು ಉಸಿರು ಕೇಳದಿದ್ದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಸಮೃದ್ಧಿ ತನ್ನ ಓದುವ ಮೇಜು ಅಲ್ಲೇ ಇದೆಯೆಂದು ಅಜ್ಜಿಯ ಕೋಣೆಯಲ್ಲೇ ಮಲಗುತ್ತಿದ್ದುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಈ ವಯಸ್ಸಿನಲ್ಲಿ ಒಬ್ಬಳೇ ಮಲಗಲು ಅಂಜಿಕೆ ಎಂದು ಹೇಗೆ ಹೇಳುವುದು? ಆರು ಗಂಟೆಯವರೆಗೆ ನೋಡುವುದು, ಕೋಣೆ ಬದಲಾಗದಿದ್ದರೆ ಮೊಣಕಾಲು ನೋವೆಂದು ಹೇಳಿ ಮನೆಯಲ್ಲೇ ಉಳಿಯುವುದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಸಮುದ್ರ ನೋಡುವ ಆಸೆಯೇನೋ ಬೆಟ್ಟದಷ್ಟಿತ್ತು.

ಗೌರವ್ವ ಎಲ್ಲರ ಮುಂದೆ ಚುರುಮುರಿಯ ತಾಟು ಹಿಡಿದಳು. ತಾನು ಮಾತ್ರ "ಆಗಳೇ ತಿಂದೇನಿ" ಎಂದು ಬಿಸಿ ಚಹಾದ ಕಪ್ಪನ್ನು ಎಡಗೆನ್ನೆಗೆ ಒತ್ತಿಕೊಂಡು ನಿಂತಳು. ಆಮೇಲೆ ರಂಗೋಲಿಯ ಡಬ್ಬಿ ತಂದಳು. ಹಂಚಿನ ಭಟ್ಟಿ ನಡೆಸುವ ಗಜಾನನ ಮೊಬೈಲಿನಲ್ಲಿ ಅಳತೆ ನೋಡಿ ಟೇಪು ಹಿಡಿದಂತೆ, ಅವಳು ಗೆರೆ ಎಳೆಯುತ್ತ ಹೋದಳು. ಸಗಣಿ ಸಾರಿಸಿದ ಅಂಗಳದಲ್ಲಿ ಮೂರು ಕೋಣೆಗಳು ಎದ್ದವು. ಬಾಗಿಲು, ಬಚ್ಚಲು ಎಲ್ಲ ಬಂದವು. ಕೈ ತಡೆಯದೆ ಹೊಸ್ತಿಲಿಗೊಂದು ಕಮಲವನ್ನೂ ಬಿಡಿಸಿದಳು.

"ಅವ್ವಾ, ಹಡಗಿನ್ಯಾಗ ಕಮಲ ಇರೂದಿಲ್ಲ!"

"ಇಲ್ಲದಿದ್ರ ಅವರ ನಸೀಬ. ಕೌದಿ ಹಾಸು."

ಕೌದಿ ಹಾಸಿ ಎಲ್ಲರೂ ಮಲಗಿ ನೋಡಿದರು. ಮೇಲಿನ ಹಾಸಿಗೆಯೆಂದು ಎರಡು ಬೆಂಚುಗಳನ್ನು ತಂದಿಟ್ಟರು. ಗಜಾನನ ಹತ್ತಿದ ಕೂಡಲೇ ಬೆಂಚು ಕಿರುಗುಟ್ಟಿತು.

"ಏ, ಇಳೀರಿ," ಎನ್ನುತ್ತ ಅವನ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಕೆಳಗ ನಾ ಅದೀನಿ!" ಎಂದಳು.

ಅಷ್ಟರಲ್ಲಿ ಗೌರವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏ ಶಿವಲಿಂಗಾ, ನಿನ್ನ ತಲಿ ಉತ್ತರಕ್ಕ ಬಂತಲ್ಲೋ! ಎಬಸು, ಎಲ್ಲಾರನೂ ಎಬಸು."

ಉತ್ತರಕ್ಕೆ ತಲೆಯಿಟ್ಟು ಮಲಗುವುದುಂಟೆ? ಅರ್ಧ ಗಂಟೆ ಕೌದಿಗಳು ಅತ್ತಿತ್ತ ಓಡಾಡಿದವು. ಕಡೆಗೆ ಒಂಬತ್ತೂ ತಲೆಗಳು ಪೂರ್ವಕ್ಕೆ ಬಂದವು. ಯಾರ ಹೆಸರಿಗೆ ಯಾವ ಹಾಸಿಗೆ ಎಂದು ಗಜಾನನ ಚೀಟಿಯಲ್ಲಿ ಬರೆದುಕೊಂಡ. ಆಗ ಸಮೃದ್ಧಿ ಮಲಗಿದಲ್ಲಿಂದಲೇ ಕೇಳಿದಳು:

"ಗೌರಜ್ಜಿ, ಹಡಗಾನ ಉತ್ತರಕ್ಕ ಹೊಳ್ಳಿದ್ರ?"

ಶಿವಲಿಂಗ ಮೊದಲು ನಕ್ಕ. ಆಮೇಲೆ ಕೌದಿಯ ಮೇಲೆ ಹೊರಳಾಡಿ ನಗದವರು ಯಾರೂ ಉಳಿಯಲಿಲ್ಲ.

"ಹಂಗಾರ ಕ್ಯಾಪ್ಟನ್‌ಗ ಒಂದ ಮಾತ ಹೇಳೂಣು," ಎಂದಳು ಗೌರವ್ವ, ಸೋಲೊಪ್ಪದೆ.

ಪ್ರಮಿಳಾಳ ಕೋಣೆ ತುಳಸಿಕಟ್ಟೆಯ ಆಚೆಗಿತ್ತು. ಅವಳೂ ಕಾಲು ಚಾಚಿ ಮಲಗಿದ್ದಳು. ತಲೆಯ ಮೇಲೆ ತಿಳಿಯಾದ ಆಕಾಶ. ಹತ್ತು ಹೆಜ್ಜೆಯ ಆಚೆ ಅವರೆಲ್ಲರ ನಗು. ಹಗಲು ಬೆಳಕಿನಲ್ಲೇ, ಬರೀ ರಂಗೋಲಿಯ ಗೋಡೆಯೊಳಗೇ ಅವಳಿಗೆ ಉಸಿರು ಕಟ್ಟಿದಂತಾಯಿತು. ಪಕ್ಕದ ಖಾಲಿ ಹಾಸಿಗೆಯ ಕಡೆ ನೋಡದೆ ನಗುವಿದ್ದ ಕಡೆಗೆ ಹೊರಳಿದಳು. ಅರಿವಿಲ್ಲದೆ ಕೈ ಗೆರೆ ದಾಟಿ ಹೋಯಿತು.

"ವೈನಿ, ಗ್ವಾಡಿ ಒಡದ್ರಲ್ಲ," ಎನ್ನುತ್ತ ಬಂದ ಗೌರವ್ವ, ಅಳಿಸಿದ ಗೆರೆಯನ್ನು ಮತ್ತೆ ಎಳೆದು ಹೋದಳು.

ಸ್ವಲ್ಪ ಹೊತ್ತಿಗೆ ಮತ್ತೆ ಬಂದಾಗ ಅದೇ ಗೆರೆ ಅದೇ ಜಾಗದಲ್ಲಿ ಅಳಿಸಿತ್ತು. ಪ್ರಮಿಳಾಳ ಬೆರಳುಗಳಿಗೆ ಬಿಳಿಪುಡಿ ಅಂಟಿತ್ತು. ಗೌರವ್ವ ಆ ಬೆರಳುಗಳನ್ನು ನೋಡಿದಳು, ಪ್ರಮಿಳಾಳ ಮುಖ ನೋಡಿದಳು. ಈ ಸಲ ಗೆರೆ ಎಳೆಯಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಹೋದಳು.

ಐದೂವರೆಗೆ ಶಿವಲಿಂಗ ಫೋನು ಕೈಗೆತ್ತಿಕೊಂಡ. ಪ್ರಮಿಳಾ ಮೊಣಕಾಲು ಸವರಿಕೊಂಡು ಬಾಯಿ ತೆರೆಯುವವಳಿದ್ದಳು.

"ಏ ತಡಿಯೋ," ಎಂದಳು ಗೌರವ್ವ. "ನನ್ನ ಹೆಸರ ವೈನಿ ಖೋಲ್ಯಾಗ ಹಾಕು. ನೀರಿನ ಮ್ಯಾಲ ಮಲಗಾಕ ನನಗ ಅಂಜಿಕಿ ಬರತೈತಿ. ಬಾಜೂಕ ತಿಳದಾಕಿ ಒಬ್ಬಾಕಿ ಬೇಕು."

ಗಜಾನನ ಕಣ್ಣರಳಿಸಿದ. "ಅವ್ವಾ, ನಿನಗ ಅಂಜಿಕಿ? ಭತ್ತ ಬಂದಾಗ ಹೊಲದಾಗ ಅಟ್ಟದ ಮ್ಯಾಲ ಒಬ್ಬಾಕಿನ ಮಲಗಿ ಕಾಡಹಂದಿ ಓಡಸಾಕಿ ನೀ!"

"ಹಂದಿಗೆ ನನ್ನ ಗುರುತೈತಿ. ಸಮುದ್ರಕ್ಕ ಎಲ್ಲೈತಿ?"

"ಅತ್ತಿ, ನಿನ್ನ ಗೊರಕಿಗೆ ಅವ್ವ ಎರಡನೇ ದಿನಾನ ಈಜಿ ಮನಿಗೆ ಬರತಾಳ," ಎಂದ ಶಿವಲಿಂಗ. "ಅದಕ್ಕಂತನ ನಾ ಆಕಿನ್ನ ಬ್ಯಾರೆ ಹಾಕಿದ್ದು."

ಗೌರವ್ವ ಪ್ರಮಿಳಾಳತ್ತ ತಿರುಗಿದಳು. "ಖರೇ ಹೇಳ್ರಿ ವೈನಿ. ನನ್ನ ಗೊರಕಿ ತಡಕೋತೀರಿ?"

ಗೌರವ್ವನ ಗೊರಕೆ ಮನೆತನದಲ್ಲೇ ಹೆಸರುವಾಸಿ; ಮೂರು ಗೋಡೆ ದಾಟಿ ಬರುವಂಥದ್ದು. ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟು ಕೇಳಬೇಕಾದ ಪ್ರಸಂಗವೇ ಬರುವುದಿಲ್ಲ. ಪ್ರಮಿಳಾಳಿಗೆ ನಗು ಬಂತು.

"ಜೋರ ಹೊಡಿ ಗೌರವ್ವ," ಎಂದಳು. "ನನಗ ನಡೀತೈತಿ."

ಆರಕ್ಕೆ ಹತ್ತು ನಿಮಿಷವಿದ್ದಾಗ ಹೆಸರುಗಳು ಹೋದವು: ನಾಲ್ಕು, ಮೂರು, ಎರಡು. ಗಜಾನನನ ಕೋಣೆಯಲ್ಲಿ ಒಂದು ಹಾಸಿಗೆ ಖಾಲಿ ಉಳಿಯಿತು. ಅದು ಬ್ಯಾಗುಗಳಿಗೆ ಎಂದಾಯಿತು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಗೌರವ್ವ ಎಲ್ಲರಿಗೂ ಬಡಿಸಿದಳು, ಸಾಕೆಂದವರಿಗೂ ಬಡಿಸಿದಳು. "ನೀ ಉಣ್ಣು" ಎಂದರೆ "ನಂದ ಆಮ್ಯಾಲ" ಎಂದು ಅಂಗಳಕ್ಕೆ ಹೋಗಿ ಕೌದಿ ಮಡಚತೊಡಗಿದಳು. ಎಡಗೈ ಮತ್ತೆ ಮತ್ತೆ ದವಡೆಗೆ ಹೋಗುತ್ತಿತ್ತು. ಅವಳು ಕೆನ್ನೆಗೆ ಒತ್ತಿಕೊಂಡಿದ್ದ ಚಹಾದ ಕಪ್ಪು ಪ್ರಮಿಳಾಳಿಗೆ ಆಗ ನೆನಪಾಯಿತು. ತಿನ್ನದೆ ಬಿಟ್ಟ ಚುರುಮುರಿಯೂ.

ಅವಳು ಅಡಿಗೆಮನೆಗೆ ಹೋಗಿ ಹಾಲು ಕಾಯಿಸಿದಳು. ಎರಡು ರೊಟ್ಟಿಗಳನ್ನು ಸಣ್ಣಗೆ ಮುರಿದು ಅಗಲವಾದ ಬಟ್ಟಲಿಗೆ ಹಾಕಿ, ಹಾಲು ಸುರಿದು, ಮೆತ್ತಗಾಗುವವರೆಗೆ ಕಾದಳು. ಚೂರು ಬೆಲ್ಲ ಕರಗಿಸಿದಳು. ಬೆರಳಿನಿಂದ ಒತ್ತಿ ನೋಡಿದಳು. ಅಗಿಯುವ ಕೆಲಸ ಏನೂ ಉಳಿದಿರಲಿಲ್ಲ.

ಹೊರಗೆ ಬಂದು, ಹೊಸ್ತಿಲಿನ ಕಮಲವನ್ನು ತುಳಿಯದೆ ದಾಟಿ, ಗೌರವ್ವನ ತೋಳಿನ ಮೇಲಿದ್ದ ಕೌದಿಯನ್ನು ತಾನು ತೆಗೆದುಕೊಂಡಳು. ಬಟ್ಟಲನ್ನು ಅವಳ ಕೈಯಲ್ಲಿಟ್ಟಳು.