ಮೂರನೆಯ ಪ್ರಶ್ನೆ

ಕಿಟಕಿ ಗಾಜಿನ ಮೇಲೆ ಯಾರೋ ಉಗಿದ ಗುಟ್ಕಾ ಒಣಗಿ ಕೆಂಪು ಗೆರೆಯಾಗಿ ಇಳಿದಿದೆ, ಅದರ ಹಿಂದೆಯೇ ಹೊನ್ನಾಳಿಯ ಗದ್ದೆಗಳು ಸರಿಯುತ್ತಿವೆ, ನೋಡಬಾರದು ಎಂದಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ, ತುಟಿಗೆ ಹತ್ತಿದ ಚಹಾದ ಕೆನೆಯನ್ನು ಸೆರಗಿನಿಂದ ಎಷ್ಟು ಸಲ ಒರೆಸಿದೆನೋ — ಕೆನೆ ಯಾವಾಗಲೋ ಹೋಗಿರಬೇಕು, ಹೋಗದೆ ಅಂಟಿಕೊಂಡಿರುವುದು ನಾನು ಅಂದ ಹೂಂ. ಮೂರು ಸೀಟು ಮುಂದೆ ಜ್ಯೋತಿಲಕ್ಷ್ಮಿ ಕೂತಿದ್ದಾಳೆ, ಪಕ್ಕದಲ್ಲಿ ಕೊತ್ತಂಬರಿ ಗಂಟಿನ ಹೆಂಗಸು, ಪ್ರತಿ ತಿಂಗಳು ಓದುಗರ ಬಳಗ ಮುಗಿಸಿ ನ್ಯಾಮತಿಗೆ ವಾಪಸಾಗುವಾಗ ಆ ಜಾಗ ನನ್ನದು, ನಿರ್ಮಲಕ್ಕಾ ಈ ಕಡೆ ಬರ್ರಿ, ಗಾಳಿ ಚೆನ್ನಾಗಿ ಬರ್ತೈತೆ ಅನ್ನುವಳು, ಇವತ್ತು ತಿರುಗಿಯೂ ನೋಡಲಿಲ್ಲ, ಯಾವ ಮುಖ ಇದೆ ಅಂತ ನೋಡಬೇಕು. ಈ ತಿಂಗಳ ಸರದಿ ಅವಳದು, ಸರದಿಯವರು ಒಂದು ಕತೆ ತರಬೇಕು, ಚರ್ಚೆಗೆ ಪ್ರಶ್ನೆಗಳನ್ನೂ ಬರೆದು ತರಬೇಕು, ಅವಳ ಕತೆಯಲ್ಲಿ ಬೀಜಗಳನ್ನು ಹೊತ್ತು ಇನ್ನೊಂದು ಗ್ರಹಕ್ಕೆ ಹೊರಟ ನೌಕೆ, ಕಾಯುವವರು ಇಬ್ಬರು ಹೆಂಗಸರು, ಒಬ್ಬಳಿಗೆ ಎಚ್ಚರವಾದರೆ ಇನ್ನೊಬ್ಬಳಿಗೆ ನಿದ್ದೆ, ವರ್ಷಕ್ಕೊಂದೇ ದಿನ ಇಬ್ಬರೂ ಎದ್ದಿರುತ್ತಾರೆ, ಆ ಒಂದು ದಿನದಲ್ಲಿ ಗಂಡ ಹೆಂಡತಿಯ ಹಾಗೆ ಬದುಕುತ್ತಾರೆ. ಒಂದನೆಯ ಪ್ರಶ್ನೆ, ಆ ನೌಕೆಯಲ್ಲಿ ಮದುವೆ ಎಂಬ ಮಾತೇ ಇಲ್ಲ, ಓದುವಾಗ ನಿಮಗೆ ಅದು ಬೇಕೆನಿಸಿತೇ. ಎರಡನೆಯದು, ಇವರ ಪ್ರೀತಿಯನ್ನು ಹೇಳಲು ಕತೆಗಾರರು ಭೂಮಿ ಬಿಟ್ಟು ಅಷ್ಟು ದೂರ ಏಕೆ ಹೋಗಬೇಕಾಯಿತು. ಮೂರನೆಯದು, ನೀವು ಯಾರಿಗಾದರೂ ಹೀಗೆ ಕಾದಿದ್ದೀರಾ.

ಇವತ್ತು ಬಳಗದಲ್ಲಿ ಅವಳು ಇದನ್ನು ಓದಿ ಮುಗಿಸುತ್ತಿದ್ದಂತೆ, ಬಳಗ ನಡೆಸುವ ಮುರುಗೇಶಪ್ಪನವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು, ಅರ್ಧ ಕಳಚಿ ಲೋಟಕ್ಕೆ ಬಿತ್ತು, ಬೆರಳು ಹಾಕಿ ತೆಗೆದು ಚೀಪಿದರು, ಅದೇ ಬೆರಳಿನಿಂದ ಹಾಳೆ ತಿರುವಿದರು, ಏನಮ್ಮಾ ಜ್ಯೋತಿ, ವಿಜ್ಞಾನದ ಕತೆ ಅಂದ್ಮೇಲೆ ರಾಕೆಟ್ ಹೆಂಗೆ ಹಾರ್ತೈತೆ ಅಂತ ಕೇಳಬೇಕಪ್ಪ, ಇದೇನಿದು ಯಾರಿಗೆ ಕಾದಿದ್ದೀರಾ ಅಂತ. ಗಂಡಸರೇ ಇಲ್ಲದ ಹಡಗು ಸಾರ್, ಕೆಟ್ಟು ನಿಂತ್ರೆ ತಳ್ಳಾಕೆ ಯಾರವರೆ, ಇದು ರೇಣುಕಪ್ರಸಾದ್, ಎಲ್ಲರೂ ನಕ್ಕರು, ಸಾರ್, ಆಕಾಶದಾಗೆ ತಳ್ಳಾದು ಬೇಕಾಗಲ್ಲ, ಒಂದ್ಸಲ ಹೊಂಟ್ರೆ ಹೋಗ್ತಾನೇ ಇರ್ತೈತೆ ಅಂದಳು ಜ್ಯೋತಿ, ಯಾರೂ ನಗಲಿಲ್ಲ. ಆಗ ಮುರುಗೇಶಪ್ಪನವರು ದನಿ ಇಳಿಸಿ, ತಗ್ಗಿಸಿ, ಎಳೆದು — ಇದು ರೋಗ ಕಣಮ್ಮಾ, ನಮ್ಮ ಮನೆತನದಾಗೆ ಇರಲಿಲ್ಲ, ನಮ್ಮ ಊರಾಗೆ ಇರಲಿಲ್ಲ, ನಮ್ಮ ಸೀಮೆಯಾಗೇ ಇರಲಿಲ್ಲ — ನಾನು ಹೂಂ ಅಂದೆ. ಮಾತಿಗಲ್ಲ ಶಿವನೇ, ಆ ಎಳೆತಕ್ಕೆ. ಶ್ರಾವಣದಲ್ಲಿ ಅಪ್ಪ ಪುರಾಣ ಓದುವಾಗ ಎದುರು ಕೂತು ಹೂಂಗುಟ್ಟುವವಳು ನಾನು, ಏಳನೆಯ ವಯಸ್ಸಿನಿಂದ, ಪದ್ಯದ ಕೊನೆ ತಗ್ಗಿ ನಿಲ್ಲುತ್ತದೆ, ಹೂಂ ಬೀಳಬೇಕು, ಬೀಳದಿದ್ದರೆ ಪುರಾಣ ಮುಂದೆ ಹೋಗುವುದಿಲ್ಲ, ಮಲಗಿದ್ಯೇನೇ ಕೂಸೇ, ಹೂಂ ಅನ್ನು, ಶಿವ ಕಾಯ್ತಾ ಅವ್ನೆ. ಐವತ್ತು ವರ್ಷವಾದರೂ ಆ ತಗ್ಗು ಕೇಳಿದರೆ ನಾಲಿಗೆ ತಾನೇ ಅಲ್ಲಾಡುತ್ತದೆ, ಊಟದ ಸದ್ದಿಗೆ ಬಾಲ ಆಡಿಸಿದ ಹಾಗೆ, ಥೂ. ಕೇಳಿದ್ರಾ, ದಿನಾ ಪೂಜೆ ಮುಗಿಯೋತನಕ ನೀರೂ ಮುಟ್ಟದ ನಿರ್ಮಲಮ್ಮಾರೇ ಹೂಂ ಅಂದ್ರು, ಇನ್ನೇನೈತೆ, ಆ ಪ್ರಶ್ನೆ ತೆಗಿಯಮ್ಮಾ, ಅಂದರು ಮುರುಗೇಶಪ್ಪನವರು. ಜ್ಯೋತಿ ನನ್ನನ್ನು ನೋಡಿದಳು. ನೀಲಿ ಪೆನ್ನು ತೆಗೆದಳು. ಮೂರನೆಯ ಸಾಲಿನ ಮೇಲೆ ಗೆರೆ ಎಳೆದಳು, ನಿಧಾನವಾಗಿ, ಸ್ಕೇಲು ಇಟ್ಟ ಹಾಗೆ ನೇರ.

ಅಲ್ಲ ಅನ್ನಬಹುದಿತ್ತು, ಆ ಪ್ರಶ್ನೆ ನನ್ನದೇ ಅನ್ನಬಹುದಿತ್ತು, ಹೋದ ತಿಂಗಳು ಇದೇ ಬಸ್ಸಿನಲ್ಲಿ ಹೇಳಿದವಳು ನಾನೇ, ಚನ್ನಗಿರಿಯ ಹಾಸ್ಟೆಲಿನ ಅನ್ನಪೂರ್ಣ, ಜಗಳೂರಿಗೆ ಮದುವೆಯಾಗಿ ಹೋದವಳು, ವರ್ಷಕ್ಕೊಮ್ಮೆ ತವರಿಗೆ ಬಂದಾಗ ನಮಗೊಂದು ಮಧ್ಯಾಹ್ನ, ಬಾಗಿಲು ಹಾಕಿ, ಅವಳ ಕೂದಲಲ್ಲಿ ಸೀಗೆಕಾಯಿ ವಾಸನೆ, ಹನ್ನೊಂದು ವರ್ಷ, ಹನ್ನೊಂದು ಮಧ್ಯಾಹ್ನ, ಆಮೇಲೆ ಅವಳು ಬರಲಿಲ್ಲ, ನಾನು ಮಾತ್ರ ಕಾದೆ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೂ ಕಾದೆ, ಶಿವ ಒಂದು ದಿನವೂ ಅಸಹ್ಯಪಡಲಿಲ್ಲ. ಜ್ಯೋತಿ ನನ್ನ ಕೈ ಹಿಡಿದುಕೊಂಡು ಅತ್ತಳು, ಆಮೇಲೆ, ಹೆಸರು ಹಾಕಲ್ಲ ಅಕ್ಕಾ, ಪ್ರಶ್ನೆ ಮಾತ್ರ ಕೇಳ್ತೀನಿ, ಯಾರಾನ ಒಬ್ರು ನಾನೂ ಅಂದ್ರೂ ಸಾಕು, ನನಗೂ ಧೈರ್ಯ ಬರ್ತೈತೆ, ಹಾಕ್ಲಾ, ಅಂದಳು. ನನಗೂ ಎಂದಳು, ಇಪ್ಪತ್ತಾರರ ಹುಡುಗಿ, ಅದಕ್ಕೂ ಹೂಂ ಅಂದಿದ್ದೆ. ರೋಗ ಅಂದವನಿಗೂ ಅದೇ ಹೂಂ, ಒಂದೇ ಬಾಯಿ, ಎಂಜಲು ತಟ್ಟೆಯಲ್ಲೇ ನೈವೇದ್ಯ ಇಟ್ಟಂತೆ, ಮುರುಗೇಶಪ್ಪನವರ ಬೆರಳಿಗೆ ಹೇಸಿದೆನಲ್ಲ, ಅದನ್ನು ತೊಳೆದರೆ ಹೋಗುತ್ತದೆ.

ನ್ಯಾಮತಿ ಬಂತು, ಇಳೀರಿ, ಜಲ್ದಿ ಇಳೀರಿ, ಕಂಡಕ್ಟರ್ ಬಾಗಿಲು ಬಡಿಯುತ್ತಿದ್ದಾನೆ, ಎದ್ದೆ, ಜನರನ್ನು ತಳ್ಳಿಕೊಂಡೇ ಹೋದೆ, ಹೇಳಬೇಕು, ಅವಳು ಇಳಿಯುವುದರೊಳಗೆ ಹೇಳಬೇಕು, ನಾನು ಕಾದಿದ್ದೇನೆ, ವಾಪಸ್ ಹೋಗಿ ಅವರೆಲ್ಲರ ಎದುರು ಹೇಳುತ್ತೇನೆ, ಅವಳ ಹೆಗಲು ಮುಟ್ಟಿದೆ, ಜ್ಯೋತೀ — ಅವಳು ತಿರುಗಿದಳು, ಕಣ್ಣಲ್ಲಿ ಸಿಟ್ಟೂ ಇಲ್ಲ, ದಣಿವಷ್ಟೇ, ನಾನಿನ್ನು ಬಳಗಕ್ಕೆ ಬರಲ್ಲ ಅಕ್ಕಾ, ಅಂದಳು, ಕೊನೆಗೆ ದನಿ ತಗ್ಗಿತು, ತಗ್ಗಿ ನಿಂತಿತು, ನನ್ನ ಬಾಯಿಂದ ಹೂಂ — ಅವಳು ಇಳಿದಳು, ನಾನು ಮೆಟ್ಟಿಲ ಮೇಲೆ, ಇಳೀರಮ್ಮಾ, ಹಿಂದೆ ಜನ ಅವರೆ, ನೀಲಿ ಪೆನ್ನು, ಮೂರನೆಯ ಸಾಲು, ಎಡದಿಂದ ಬಲಕ್ಕೆ, ನಿಧಾನ, ನೇರ, ನೀಲಿ ಪೆನ್ನು