ಮುಖದ ಹಾಜರಿ

"ಮುಖ ಎತ್ತೇ ಮೂದೇವಿ! ನಿನ್ ಮೂತಿ ನೋಡೋಕೆ ನಂಗೇನೂ ಆಸೆ ಇಲ್ಲ. ಫೋನಿಗೆ ಬೇಕು!"

ಬೆಂಗಳೂರಿನ ಟಿನ್ ಫ್ಯಾಕ್ಟರಿಯ ಮೇಲ್ಸೇತುವೆ ಕೆಳಗೆ ನಾವು ಪೊರಕೆ ಹಿಡಿದು ಸಾಲಾಗಿ ನಿಂತಿದ್ದೆವು. ಮೇಸ್ತ್ರಿ ಮುನಿರಾಜು ಫೋನನ್ನು ಅಮೃತಮ್ಮನ ಮೂಗಿಗೇ ಹಿಡಿದಿದ್ದ. ಹೊಸದಾಗಿ ಬಂದ ಹಾಜರಿ ಇದು. ಫೋನನ್ನು ನೆಟ್ಟಗೆ ನೋಡಿ ರೆಪ್ಪೆ ಬಡಿದರೆ ಹಸಿರು ಗುರುತು ಬರುತ್ತದೆ. ಬಾರದಿದ್ದರೆ ಇಡೀ ರಸ್ತೆ ಗುಡಿಸಿದರೂ ನಾವು ಆವತ್ತು ಕೆಲಸಕ್ಕೆ ಬಂದೇ ಇಲ್ಲ.

ಅಮೃತಮ್ಮ ಮುಖ ಎತ್ತಿದಳು. ಕಣ್ಣು ಮಾತ್ರ ಮೇಲೆ ಬರಲಿಲ್ಲ. ಯಾದಗಿರಿ ಕಡೆಯ ನಮ್ಮ ಊರುಗಳಲ್ಲಿ ಗೌಡ ಎದುರಿಗೆ ಬಂದರೆ ನಮ್ಮ ಕೇರಿಯ ಹೆಂಗಸರು ಸೆರಗು ಹಣೆಗೆಳೆದು, ನೆಲ ನೋಡುತ್ತ ದಾರಿ ಬಿಡಬೇಕು. ನಡೆಯಲು ಕಲಿತ ಹೊಸತರಲ್ಲೇ ಅವಳವ್ವ ಕೆನ್ನೆಗೆ ಬಾರಿಸಿ ಇದನ್ನು ಕಲಿಸಿದ್ದಳು. ಫೋನು ಕೆಂಪಾಯಿತು.

"ಆಬ್ಸೆಂಟ್," ಅಂದ ಮುನಿರಾಜು. "ಇನ್ನೊಂದ್ಸಲ ಹಿಂಗಾದ್ರೆ ಹೆಸರೇ ಕಿತ್ತಾಕ್ತೀನಿ. ಊರಿಗ್ ಹೋಗಿ ಎಮ್ಮೆ ಕಾಯಿ, ಹೋಗು."

ಎಮ್ಮೆ ಇವನಪ್ಪ ಕೊಡಿಸಿದ್ದನೇನೋ! ಎಮ್ಮೆ ಇದ್ದಿದ್ದರೆ ಇವನ ಮುಂದೆ ಯಾವಳು ನಿಲ್ಲುತ್ತಿದ್ದಳು? ಅಮೃತಮ್ಮನ ಗಂಡ ಜಟ್ಟೆಪ್ಪ ಕಟ್ಟಡದ ಕೆಲಸದಲ್ಲಿ ಸಾರುವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಬಾಡಿಗೆ ಕೋಣೆಯಲ್ಲಿ ಮಲಗಿದ್ದಾನೆ. ಈ ಪೊರಕೆ ಹೋದರೆ ಅವರ ಒಲೆ ಆರೀತು. ಕೂಲಿ ಇಲ್ಲದಿದ್ದರೂ ಅವಳು ಆ ದಿನದ ರಸ್ತೆ ಗುಡಿಸಿದಳು.

ಕೆಲಸ ಮುಗಿಯುವ ಹೊತ್ತಿಗೆ ಈ ಹಾಜರಿ ಆಪ್ ಮಾಡಿದ ಕಂಪನಿಯಿಂದ ಪ್ರಿಯದರ್ಶಿನಿ ಅನ್ನುವ ಮೇಡಂ ಬಂದಳು. ಕೆಟ್ಟವಳಲ್ಲ. ನಮ್ಮ ಪಕ್ಕ ಫುಟ್‌ಪಾತಿನ ಮೇಲೆಯೇ ಕೂತಳು.

"ಅಮ್ಮಾ, ನಿಮ್ಗೆ ಫೋನ್ ಅಂದ್ರೆ ಭಯಾನಾ?"

ಮುನಿರಾಜು ಅಲ್ಲೇ ಕಂಬಕ್ಕೊರಗಿ ಕಿವಿಯಲ್ಲಿ ಕಡ್ಡಿ ಆಡಿಸುತ್ತ ನಿಂತಿದ್ದ. ಅಮೃತಮ್ಮ ನೆಲ ನೋಡುತ್ತ, "ಹೌದ್ರಿ ಯವ್ವಾ, ಅಂಜಿಕಿ ಬರ್ತದ," ಅಂದಳು.

"ನಂಗಾಗಲ್ಲ ಅನ್ನೋದನ್ನ ತಲೆಯಿಂದ ತೆಗೆದ್ಹಾಕಿ ಅಮ್ಮ. ಎಲ್ಲಾ ನಮ್ ಮೈಂಡಲ್ಲೇ ಇರೋದು," ಅಂತ ಮೇಡಂ ಅವಳ ಕೈ ಸವರಿ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಹಂಗ್ಯಾಕ ಅಂದಿ? ಖರೇ ಹೇಳಬೇಕಿಲ್ಲೋ?" ಅಂತ ಅಮೃತಮ್ಮನನ್ನು ಗದರಿದೆ.

"ಏನ್ ಹೇಳ್ಲಿ ಯಕ್ಕಾ, ಅಂವ ಅಲ್ಲೇ ನಿಂತಿದ್ದ. ನಾ ಫೋನಿಗಿ ಅಂಜಲ್ಲ. ಅದರ ಹಿಂದ ಆ ಹಾಟ್ಯಾ ಮೇಸ್ತ್ರಿ ಮಾರಿ ಇರ್ತದಲ್ಲ, ಅದು ನೆನಪಾದ್ರ ಕಣ್ಣು ತಾವಾ ಕೆಳಗ ಬೀಳ್ತಾವ."

ಸಂಜೆ ಅವಳನ್ನು ನಮ್ಮ ವಠಾರದ ಜಹನಾರಾಳ ಹತ್ತಿರ ಕರೆದುಕೊಂಡು ಹೋಗಿ ನಡೆದದ್ದು ಹೇಳಿದೆ. ಹೊಲಿಗೆ ಮಾಡುವ ಹೆಂಗಸು, ಬಾಯಿ ಜೋರು. ಮಿಷನ್ ನಿಲ್ಲಿಸಿ ತನ್ನ ಫೋನನ್ನು ಅಮೃತಮ್ಮನ ಮುಂದೆ ಹಿಡಿದಳು. ಅಮೃತಮ್ಮ ನೆಟ್ಟಗೆ ನೋಡಿದಳು, ರೆಪ್ಪೆ ಬಡಿದಳು, ತನ್ನ ಸೊಟ್ಟ ಹಲ್ಲು ಕಂಡು ನಕ್ಕಳು.

"ನಾ ಹಿಂಗದೀನೇನ ಯಕ್ಕಾ?"

"ಅರೇ, ಚೆನ್ನಾಗೇ ಬತ್ತದಲ್ಲಮ್ಮಾ!" ಅಂದಳು ಜಹನಾರಾ. "ಆ ಹರಾಮಿ ಮುಖ ಕಂಡ್ರೆ ಅದ್ನೂ ನೋಡ್ಬುಡು. ಒಂದ್ಸಲ ಕಣ್ ಎತ್ತಿದ್ರೆ ಯಾರೂ ಸಾಯಲ್ಲ."

ವಾಪಸು ಬರುವಾಗ ಅಮೃತಮ್ಮ ಎದುರಾದ ಗಂಡಸರನ್ನೆಲ್ಲ ಹಾಗೇ ಕಣ್ಣೆತ್ತಿ ನೋಡಿಕೊಂಡು ಬಂದಳು. ಮಾಂಸದಂಗಡಿಯವನು ಏನು ಬೇಕು ಅಂತ ಕೇಳಿಯೇಬಿಟ್ಟ. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಂಡಿತು.

ಮರುದಿನ ಬೆಳಿಗ್ಗೆ ಸರದಿ ಬಂದಾಗ ಅವಳು ಸೆರಗನ್ನು ಹಿಂದಕ್ಕೆ ಸರಿಸಿ ಕಣ್ಣೆತ್ತಿದಳು. ಫೋನು ಟಿಂಗ್ ಅಂದಿತು. ಹಸಿರು! ನನ್ನ ಜೀವ ಹಗುರಾಯಿತು.

ಮುನಿರಾಜು ಫೋನು ಇಳಿಸಿದ. ಅವಳ ಕಣ್ಣು ಇಳಿಯಲಿಲ್ಲ. ಇಷ್ಟು ವರ್ಷ ಅವನ ಚಪ್ಪಲಿಯನ್ನಷ್ಟೇ ಕಂಡಿದ್ದವಳು, ಈಗ ಅವನ ಗುಟ್ಕಾ ಹಲ್ಲು, ಊದಿದ ರೆಪ್ಪೆ, ಮೂಗಿನ ಪಕ್ಕದ ಗುಳ್ಳೆಯನ್ನು ಒಂದೊಂದಾಗಿ ನೋಡುತ್ತ ನಿಂತಿದ್ದಳು.

"ಏನೇ ಲೌಡಿ, ನನ್ನೇ ಗುರಾಯಿಸ್ತೀಯಾ?"

"ನೀವಾ ಅಂದ್ರಲ್ರೀ, ಎತ್ತು ಅಂತ."

"ಫೋನಿಗೆ ಎತ್ತು ಅಂದಿದ್ದು! ಇಳಿಸೇ ಕಣ್ಣು!"

ಇಳಿಸೇ ನನ್ನವ್ವ, ಅಂತ ನಾನು ಹಿಂದಿನಿಂದ ಅವಳ ಸೀರೆ ಜಗ್ಗಿದೆ. ಅವಳು ಇಳಿಸಲಿಲ್ಲ. ಮುನಿರಾಜು ಕೈಯೆತ್ತಿದ, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು, ಹೊಡೆಯಲಿಲ್ಲ. ಅದೇ ಕೈಯಿಂದ ಫೋನು ಒತ್ತಿದ.

"ತೆಗ್ದೆ. ನಿನ್ ಹೆಸರೂ ಇಲ್ಲ, ಮೂತಿನೂ ಇಲ್ಲ ಇದ್ರಲ್ಲಿ. ಪೊರಕೆ ಇಟ್ಟು ಹೊರಡು. ಎಷ್ಟ್ ಬೇಕಾದ್ರೂ ಗುರಾಯಿಸ್ಕೋ."

ಅವಳು ಪೊರಕೆಯನ್ನು ಅವನ ಕಾಲ ಬಳಿ ಎಸೆದಳು. ಅವನನ್ನು ಇನ್ನೊಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿ ರಸ್ತೆ ದಾಟಿದಳು.

"ಏಯ್ ಲಕ್ಷ್ಮಿದೇವಿ, ಬಾರೇ!" ಅಂತ ನನ್ನನ್ನು ಕರೆದ.

ಹೋದೆ. ಫೋನಿಗೆ ಕಣ್ಣೆತ್ತಿದೆ, ರೆಪ್ಪೆ ಬಡಿದೆ. ಹಸಿರು ಬಂದ ಕ್ಷಣವೇ ನೆಲ ನೋಡಿದೆ. ನನ್ನ ಹಿಂದಿನವಳೂ ಹಾಗೇ ಮಾಡಿದಳು, ಅವಳ ಹಿಂದಿನವಳೂ. ರಸ್ತೆಯಾಚೆ ಬಸ್‌ಸ್ಟಾಪಿನಲ್ಲಿ ಅಮೃತಮ್ಮ ನಮ್ಮನ್ನೇ ನೋಡುತ್ತ ನಿಂತಿದ್ದಾಳೆಂದು ನನಗೆ ಗೊತ್ತಿತ್ತು. ಆ ಕಡೆಗೂ ಕಣ್ಣೆತ್ತಲು ಆಗಲಿಲ್ಲ.