ಮೂರನೆಯ ಮೆಟ್ಟಿಲಿನ ಫ್ಯಾಷನ್

ಬಣ್ಣದ ಮೇಸ್ತ್ರಿ ಬೀದಿಗೆ ಕಾಲಿಟ್ಟರೆ ಗೋಡೆಗಳು ತಾವಾಗಿಯೇ ಮುಖ ತೊಳೆದುಕೊಂಡು ನೆಟ್ಟಗೆ ನಿಲ್ಲುತ್ತಿದ್ದವು. ಅವನು ಬಳಿದ ಬಿಳಿಯ ಮುಂದೆ ಹಾಲು ಮುಖ ಕಪ್ಪಗೆ ಮಾಡಿಕೊಳ್ಳುತ್ತಿತ್ತು. ಅಂಥವನ ಎರಡೂ ಮೊಣಕಾಲು ಸವೆದಿವೆ ಎಂದು ಡಾಕ್ಟರು ಹೇಳಿದಾಗ ಅವನು ನಕ್ಕುಬಿಟ್ಟ.

"ಸವೆಯೋಕೆ ಅವೇನು ಬ್ರಷ್ಷಾ ಡಾಕ್ಟ್ರೇ?"

ಮೊಣಕಾಲು ನಗಲಿಲ್ಲ. ಮನೆ ಅಳಿಯನ ಹಾಗೆ ಬಂದು ಕೂತಿತು. ಅದಕ್ಕೆ ಬೆಳಗ್ಗೆ ಬಿಸಿನೀರಾಗಬೇಕು, ಸಂಜೆ ಎಣ್ಣೆಯಾಗಬೇಕು, ಹೋಗಿಬರಲು ಬಾಡಿಗೆ ಗಾಡಿಯೇ ಆಗಬೇಕು. ಒಂದು ದಿನದಲ್ಲಿ ಮುಗಿಯುತ್ತಿದ್ದ ಕೋಣೆ ವಾರವಿಡೀ ಎಳೆಯತೊಡಗಿತು. ಅವನ ಬಕೆಟ್ ಹೊರಲೆಂದು ಹೆಂಡತಿ ಹೊಲಿಗೆ ಕಾರ್ಖಾನೆಯ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಳು. ಅವಳು ಬಿಟ್ಟದ್ದನ್ನು ಪಕ್ಕದ ಯಂತ್ರದವಳು ಹೊಲಿದು ಹೊಲಿದು ಬೆನ್ನು ಹಿಡಿಸಿಕೊಂಡಳು. ಒಬ್ಬನ ಮೊಣಕಾಲಿಗೆ ಅರ್ಧ ಊರೇ ಕುಂಟುತ್ತಿತ್ತು.

"ಇದು ಮೊಣಕಾಲಲ್ಲ, ಸಂಸ್ಥಾನ," ಅಂದಳು ಹೆಂಡತಿ. "ಕಪ್ಪ ಒಪ್ಪಿಸಿ ಒಪ್ಪಿಸಿ ಸಾಕಾಯ್ತು."

ಗಿರಾಕಿಗಳಿಗೆ ಮಾತ್ರ ಅವನು ಗುಟ್ಟು ಬಿಟ್ಟುಕೊಡಲಿಲ್ಲ. ಏಣಿಯ ಮೂರನೆಯ ಮೆಟ್ಟಿಲು ದಾಟಲಾಗದು, ಕೆಳಗೆ ಕುಕ್ಕರಗಾಲಲ್ಲಿ ಕೂರಲಾಗದು. ಹಾಗಾಗಿ ದಂತವೈದ್ಯರ ಮನೆಯ ಗೋಡೆಗೆ ಹಸಿರು ಬಳಿಯುವಾಗ ಮೇಲೊಂದು ಮೊಳ, ಕೆಳಗೊಂದು ಮೊಳ ಹಳೆಯ ಬಿಳಿಯನ್ನೇ ಉಳಿಸಿದ.

"ಮಿಕ್ಕಿದ್ದು ಯಾವಾಗಪ್ಪಾ?"

"ಮಿಕ್ಕಿದ್ದಾ? ಸಾರ್, ಇದೇ ಈಗಿನ ಫ್ಯಾಷನ್ನು. ಗೋಡೆಗೂ ಉಸಿರಾಡೋಕೆ ಜಾಗ ಬೇಡ್ವಾ?"

ಹೌದಲ್ಲ ಅನ್ನಿಸಿತು ದಂತವೈದ್ಯರಿಗೆ. ನೋಡನೋಡುತ್ತ ಬೀದಿಗೆ ಬೀದಿಯೇ ಬಿಳಿ ಪಟ್ಟಿ ಕೇಳತೊಡಗಿತು. ಕಾಲು ಗಟ್ಟಿಯಿದ್ದ ಬೇರೆ ಮೇಸ್ತ್ರಿಗಳು ತುದಿಯವರೆಗೂ ಬಳಿದು ಬೈಸಿಕೊಂಡರು.

ಅಷ್ಟರಲ್ಲಿ ಶಾಲೆಯ ಕೆಲಸ ಬಂತು. ಬಳಿದಷ್ಟೂ ಮುಗಿಯದ ಕೋಣೆಗಳು.

"ಮೊದಲು ಸಭಾಂಗಣದ ಛಾವಣಿ ಮಾಡಿ," ಅಂದರು ಮುಖ್ಯೋಪಾಧ್ಯಾಯಿನಿ. "ಅದು ಸರಿಹೋದ್ರೆ ಉಳಿದದ್ದೆಲ್ಲ ನಿಮಗೇ."

ಬೀದಿಯ ಗೋಡೆಗಳೆಲ್ಲ ಮುಗಿದಿದ್ದವು; ಇದು ಸರಿಹೋಗದಿದ್ದರೆ ಹೆಂಡತಿಯ ಅರ್ಧ ಸಂಬಳದಲ್ಲೇ ಮನೆ ನಡೆಯಬೇಕು. ಛಾವಣಿಯನ್ನೇ ಬಳಿಯದೆ ಬಿಡುವ ಫ್ಯಾಷನ್ ಅವನಂಥವನಿಗೂ ಹೊಳೆಯಲಿಲ್ಲ. ಹಲ್ಲು ಕಚ್ಚಿ ಏಣಿ ಹತ್ತಿದ. ಐದನೆಯ ಮೆಟ್ಟಿಲಲ್ಲಿ ಬಲ ಮೊಣಕಾಲು ಬೀಗ ಹಾಕಿಕೊಂಡಿತು. ಕಟಕ್ಕೆಂದ ಸದ್ದಿಗೆ ಸಭಾಂಗಣದ ಪಾರಿವಾಳಗಳು ಎದ್ದು ಪಕ್ಕದ ಊರಲ್ಲಿ ಹೋಗಿ ಇಳಿದವು.

"ಏನಾಯ್ತು?"

"ಯೋಚನೆ ಮಾಡ್ತಿದ್ದೀನಿ ಮೇಡಂ."

ಏಣಿ ಹಿಡಿದಿದ್ದ ಹೆಂಡತಿ ಮೆಲ್ಲಗೆ ಕೇಳಿದಳು, "ನೀವು ಹೇಳ್ತೀರಾ, ನಾನು ಹೇಳ್ಲಾ?"

ಅವನ ನಾಲಗೆ ತುದಿಗೆ ಸುಳ್ಳುಗಳು ಸಾಲುಗಟ್ಟಿ ಬಂದವು, ಒಂದಕ್ಕಿಂತ ಒಂದು ಚೆಂದದವು. ಆದರೆ ಅವನನ್ನು ಕೆಳಗಿಳಿಸುವಂಥದ್ದು ಒಂದೂ ಇರಲಿಲ್ಲ.

"ಮೊಣಕಾಲು ಸವೆದಿದೆ ಮೇಡಂ. ಏಣಿ ಇನ್ನು ನನ್ನ ಕೈಲಾಗಲ್ಲ."

ಹೆಂಡತಿ ಅವನ ಪಾದಗಳನ್ನು ಒಂದೊಂದಾಗಿ ಹಿಡಿದು ಇಳಿಸಿಕೊಂಡಳು.

"ಹಾಗಾದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ," ಅಂದರು ಮುಖ್ಯೋಪಾಧ್ಯಾಯಿನಿ.

"ಸ್ವಲ್ಪ ಇರಿ," ಎಂದು ಹೆಂಡತಿ ತೋಳೇರಿಸಿ, ಬ್ರಷ್ ಕಿತ್ತುಕೊಂಡು ಸರಸರನೆ ಹತ್ತಿದಳು. ಕೈಗೆಟುಕಿದಷ್ಟನ್ನೂ ಬಳಿದಳು. ಕೆಳಗೆ ಮೇಸ್ತ್ರಿ ಕತ್ತು ಓರೆಮಾಡಿ ನೋಡಿದ.

"ದೀಪದ ಪಕ್ಕ ಅಂಗೈಯಗಲ ಬಿಟ್ಟಿದ್ದೀಯ."

"ಎಲ್ಲಿ? ನಂಗೇನೂ ಕಾಣಿಸ್ತಿಲ್ಲ."

"ಮೇಲಿದ್ದೋರಿಗೆ ಕಾಣಲ್ಲ ಕಣೇ. ಹತ್ತಿರದಿಂದ ಹೊಸ ಬಿಳಿ, ಹಳೇ ಬಿಳಿ ಎಲ್ಲಾ ಒಂದೇ. ಅದಕ್ಕೇ ನಾನು ಬಳಿಯೋಕೆ ಹತ್ತೋದು, ನೋಡೋಕೆ ಇಳಿಯೋದು, ಮತ್ತೆ ಹತ್ತೋದು."

ಹೇಳುತ್ತ ಹೇಳುತ್ತ ಅವನಿಗೇ ಹೊಳೆಯಿತು. ಅವನ ಮೊಣಕಾಲು ಬಳಿಯುವುದಕ್ಕಿಂತ ನೋಡುವುದರಲ್ಲೇ ಹೆಚ್ಚು ಸವೆದಿತ್ತು.

ಮುಖ್ಯೋಪಾಧ್ಯಾಯಿನಿ ಅವನ ಪಕ್ಕ ಬಂದು ಕತ್ತು ಓರೆಮಾಡಿದರು. ಬಿಟ್ಟ ಜಾಗ ಅವರಿಗೂ ಕಂಡಿತು.

"ಇಬ್ಬರು ಅಂದ್ರೆ ಎರಡು ಕೂಲಿ ಆಗುತ್ತಲ್ಲ?"

"ಆಗುತ್ತೆ," ಅಂದಳು ಹೆಂಡತಿ ಮೇಲಿನಿಂದಲೇ. "ಒಬ್ಬರೇ ಹತ್ತಿ ಇಳಿದು ನಾಲ್ಕು ದಿನ ಮಾಡೋದನ್ನ ನಾವು ಎರಡು ದಿನಕ್ಕೆ ಮುಗಿಸ್ತೀವಿ. ನಿಮಗೇನೂ ಹೆಚ್ಚಾಗಲ್ಲ."

"ಮುಗಿಸಿ ತೋರಿಸಿ."

ಮುಗಿಸಿಯೇ ತೋರಿಸಿದರು. ಛಾವಣಿ ಎಷ್ಟು ಬೆಳ್ಳಗಾಯಿತೆಂದರೆ ಅದರಡಿ ದೀಪ ಹಚ್ಚಿದರೆ ದೀಪಕ್ಕೇ ಅವಮಾನ. ಮುಖ್ಯೋಪಾಧ್ಯಾಯಿನಿ ತರಗತಿಗಳ ಬೀಗದ ಕೈ ಗೊಂಚಲನ್ನೇ ಹೆಂಡತಿಯ ಕೈಗಿಟ್ಟರು.

"ನನಗೊಂದು ಒರಗೋ ಕುರ್ಚಿ ಕೊಡಿಸಿ ಮೇಡಂ," ಅಂದ ಮೇಸ್ತ್ರಿ. "ಛಾವಣಿ ನೋಡೋದು ನಿಂತು ಮಾಡೋ ಕೆಲಸ ಅಲ್ಲ."

ಮೊದಲ ತರಗತಿಯಲ್ಲಿ ಹೆಂಡತಿ ಏಣಿ ಒರಗಿಸಿ ಹತ್ತಿದಳು. "ಕುರ್ಚಿ ಸಾಕಾ, ದಿಂಬೂ ಬೇಕಾ ಮಹಾಪ್ರಭುಗಳಿಗೆ?"

"ಕೊಟ್ರೆ ಬೇಡ ಅನ್ನಲ್ಲ. ಗೋಡೆ ಸೇರೋ ಕಡೆ ಬಿಟ್ಟಿದ್ದೀಯ ನೋಡು."

ಅವಳು ಬ್ರಷ್ ಅದ್ದಿ ಅತ್ತ ವಾಲಿದಳು.